ಐದು ವರುಷದ ಹೊಲಿಗೆ

ಶಾಲೆಯ ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನಿಂದ ಲೇಖನ ಬಯಸುವವರು ಛಂದಸ್ಸನ್ನೋ ವ್ಯಾಕರಣವನ್ನೋ ನಿರೀಕ್ಷಿಸುವುದು ಸಹಜವೇ ಆಗಿದೆ. ಮೂವತ್ತು ವರುಷಗಳ ಕಾಲ ಇಲ್ಲಿಯ ಮಕ್ಕಳಿಗೆ ನಾನು ಬಡಿಸಿಕೊಂಡು ಬಂದದ್ದೂ ಅದನ್ನೇ. ಆದರೆ ಈಚಿನ ಎರಡು ವರುಷಗಳಿಂದ ನನ್ನ ಮನಸ್ಸನ್ನು ಹಿಡಿದು ನಿಂತಿರುವ ವಿಷಯ ಬೇರೊಂದಿದೆ. ಮುಗಿಸಲು ವರುಷಗಳೇ ಬೇಕಾಗುವ ಸೂಕ್ಷ್ಮವಾದ ಕಸೂತಿಯ ಕೆಲಸವೊಂದನ್ನು ಆರಿಸಿಕೊಳ್ಳುವುದು ಹೇಗೆಂಬುದೇ ಆ ವಿಷಯ. ಸೂಜಿಗೆ ದಾರ ಪೋಣಿಸಲೂ ಬಾರದ ಪಂಡಿತನಿಗೆ ಈ ಉಸಾಬರಿ ಏಕೆಂದು ವಾಚಕರು ನಕ್ಕರೆ ನನ್ನ ಅಭ್ಯಂತರವೇನೂ ಇಲ್ಲ.

ಆರಿಸಿಕೊಂಡವಳು ನನ್ನ ಅಕ್ಕ. ಈ ಶಾಲೆಯ ಹೆಣ್ಣುಮಕ್ಕಳ ಹೊಲಿಗೆ ವರ್ಗದಲ್ಲಿ 31 ವರುಷ ಕಲಿಸಿ, ನಾಲ್ಕು ವರುಷಗಳ ಹಿಂದೆ ನಿವೃತ್ತಳಾದಳು. ಲೇಖನದಲ್ಲಿ ತನ್ನ ಹೆಸರು ಬರಕೂಡದೆಂಬುದು ಆಕೆಯ ಅಪ್ಪಣೆ. ಹಳೆಯ ವಿದ್ಯಾರ್ಥಿನಿಯರಿಗೆ ಹೆಸರಿನ ಅಗತ್ಯವೂ ಬೀಳಲಾರದು. “ಹಿಂದಿನ ಮಗ್ಗಲಾ ತೋರ್ಸು” ಎಂಬ ಮಾತೊಂದೇ ಸಾಕು. ಬಟ್ಟೆಯನ್ನು ಮುಂದೆ ಹಿಡಿದು ನಗುತ್ತ ಬಂದ ಹುಡುಗಿಯ ಮುಖ ಆ ಒಂದು ಮಾತಿಗೆ ಹೇಗೆ ಬಾಡುತ್ತಿತ್ತೆಂಬುದನ್ನು, ಎದುರಿನ ಕೋಣೆಯಲ್ಲಿ ಹಳಗನ್ನಡ ಹೇಳುತ್ತಿದ್ದ ನಾನು ಕಿಟಕಿಯೊಳಗಿಂದ ಎಷ್ಟೋ ಸಲ ಕಂಡಿದ್ದೇನೆ.

ನಮ್ಮ ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರಿಗೆ ಈ ಮಾತಿನ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಲೆಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿಯನ್ನು ಇಳಿಸಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯೆಂದರೆ ಗೆರೆ, ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಿ, ಬಿಟ್ಟ ಮನೆಗಳನ್ನು ತುಂಬುತ್ತ ಅದೇ ಹಾದಿಯಲ್ಲಿ ಮರಳುವುದು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡರಲ್ಲೂ ಬಟ್ಟೆಯ ಎರಡು ಮಗ್ಗಲುಗಳು ಒಂದೇ ಬಗೆಯಾಗಿ ಕಾಣಬೇಕು. ನೇಗಿ ಹೆಸರಿಗೆ ತಕ್ಕಂತೆ ನೇಯ್ದದ್ದೋ ಹೊಲಿದದ್ದೋ ತಿಳಿಯದಂತಿರುತ್ತದೆ. ಮೆಂತಿ ಎಂಬುದು ಇಂಗ್ಲಿಷರು ಕ್ರಾಸ್ ಸ್ಟಿಚ್ ಎಂದು ಕರೆಯುವ ಹೊಲಿಗೆಯೇ. ಒಂದರ ಮೇಲೊಂದು ಓರೆಯಾಗಿ ಬೀಳುವ ಎರಡು ಎಳೆ, ಮೆಂತೆಯ ಕಾಳು ಒತ್ತಾಗಿ ಹರಡಿದಂತೆ. ಗೆರೆಯೊಳಗಿನ ಬಯಲನ್ನು ತುಂಬುವುದು ಅದರ ಕೆಲಸ. ಗವಂತಿ ಎಂಬ ಹೆಸರು ‘ಗಂಟು’ ಎಂಬುದರಿಂದ ಬಂದಿತೆಂದು ಹೇಳುವುದುಂಟು. ಗಂಟೇ ಸಲ್ಲದ ಹೊಲಿಗೆಗೆ ಗಂಟಿನ ಹೆಸರಿರುವುದು ನನ್ನಂತಹ ಶಬ್ದವ್ಯಸನಿಗೆ ಒಂದು ವಿನೋದ; ಅಕ್ಕನಿಗೆ ಅದರಲ್ಲಿ ಆಸಕ್ತಿಯಿಲ್ಲ.

ನಿವೃತ್ತಿಯಾದ ಎರಡನೆಯ ವರುಷದಲ್ಲಿ ಆಕೆಗೆ ಗ್ಲಾಕೋಮಾ ಎಂಬ ಕಣ್ಣಿನ ಬೇನೆ ಇರುವುದು ತಿಳಿಯಿತು. ಕಣ್ಣಿನೊಳಗಿನ ಒತ್ತಡದಿಂದ ನರವು ಮೆಲ್ಲಮೆಲ್ಲನೆ ಕ್ಷೀಣಿಸುವ ಬೇನೆ ಇದು. ನೋವಿಲ್ಲ, ಕೆಂಪಿಲ್ಲ, ಅಂಚಿನ ನೋಟ ಮೊದಲು ಮರೆಯಾಗುತ್ತದೆ, ಹೋದ ನೋಟ ಮರಳುವುದಿಲ್ಲ. ದಿನವೂ ತಪ್ಪದೆ ಹನಿ ಔಷಧ ಹಾಕಿಕೊಂಡರೆ ಉಳಿದದ್ದನ್ನು ಬಹುಕಾಲ ಕಾಯ್ದುಕೊಳ್ಳಬಹುದು. ಹೊಲಿಗೆಯಿಂದ ಈ ಬೇನೆ ಹೆಚ್ಚುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಎಷ್ಟು ವರುಷ ಎಂಬ ಪ್ರಶ್ನೆಗೆ ಮಾತ್ರ ಅವರು ಉತ್ತರ ಕೊಡಲಿಲ್ಲ. ಆ ದಿನ ಆಸ್ಪತ್ರೆಯಿಂದ ಬಸ್ಸಿನಲ್ಲಿ ಮರಳುವಾಗ ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, “ತಮ್ಮಾ, ಒಂದು ದೊಡ್ಡ ಕೆಲಸ ಹಿಡೀಬೇಕು” ಎಂದಳು.

ನನ್ನ ಮಡದಿಗೆ ಇದು ಒಪ್ಪಿಗೆಯಾಗಲಿಲ್ಲ. “ಅಕ್ಕಾರ, ಇಷ್ಟ್ ವರ್ಷ ಹೊಲದೀರಿ, ಇನ್ನ ಕಣ್ಣಿಗೆ ವಿಶ್ರಾಂತಿ ಕೊಡ್ರಿ” ಎಂದು ಪರಿಪರಿಯಾಗಿ ಹೇಳಿದಳು. ಅಕ್ಕ ವಾದಿಸಲಿಲ್ಲ. ಆಕೆ ವಾದಿಸುವ ಸ್ವಭಾವದವಳೇ ಅಲ್ಲ. ಕೇಳಿಸಿಕೊಳ್ಳುತ್ತಾಳೆ, ಆಮೇಲೆ ತಾನು ನಿಶ್ಚಯಿಸಿದ್ದನ್ನು ಮಾಡುತ್ತಾಳೆ. ನಾನು ವಿದ್ವತ್ತಿಗೆ ಓದುತ್ತಿದ್ದ ದಿನಗಳಲ್ಲಿ ಪರೀಕ್ಷೆಯ ಶುಲ್ಕವೂ ಗ್ರಂಥದ ಬೆಲೆಯೂ ನೆರೆಹೊರೆಯವರ ಕುಪ್ಪಸ ಹೊಲಿದ ಹಣದಿಂದಲೇ ಬಂದವು. ಓದು ಸಾಕು, ಅಂಗಡಿಯಲ್ಲಿ ಲೆಕ್ಕ ಬರೆಯಲು ಹಚ್ಚಿರೆಂದು ಹಿರಿಯರು ಹೇಳಿದಾಗಲೂ ಆಕೆ ಹೀಗೆಯೇ ಕೇಳಿಸಿಕೊಂಡಿದ್ದಳು.

ದೊಡ್ಡ ಕೆಲಸವೆಂದರೆ ಯಾವುದು? ಮೊದಲು ಮುಂದೆ ಬಂದದ್ದು ಒಂದು ಉಡುಗೊರೆ. ವಿದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಗುರುಮಾತೆಗೆಂದು ಕ್ರಾಸ್ ಸ್ಟಿಚ್ಚಿನ ಒಂದು ದೊಡ್ಡ ಪೆಟ್ಟಿಗೆಯನ್ನು ತಂದುಕೊಟ್ಟಿದ್ದಳು. ಅದರ ಮುಚ್ಚಳದ ಮೇಲೆ ಹೊಳೆಯ ದಂಡೆಯಲ್ಲೊಂದು ಹುಲ್ಲು ಛಾವಣಿಯ ಮನೆ, ಮುಂದೆ ಹೂದೋಟ, ಮೇಲೆ ಸಂಜೆಯ ಮುಗಿಲು. ನೋಡಿದವರು ವರ್ಣಚಿತ್ರವೆಂದೇ ಭ್ರಮಿಸುವಂತಿತ್ತು. ಒಳಗೆ ಅಂಗುಲಕ್ಕೆ 18 ಮನೆಗಳ ಬಟ್ಟೆ, 76 ಬಣ್ಣದ ದಾರ, ಮನೆಗೊಂದು ಚಿಹ್ನೆಯನ್ನು ಅಚ್ಚು ಹಾಕಿದ ನಕ್ಷೆಯ ಹಾಳೆಗಳು. ದಾರ ಫ್ರಾನ್ಸಿನ ಮುಲೂಸ್ ಪಟ್ಟಣದಲ್ಲಿ 1746ರಲ್ಲಿ ಆರಂಭವಾದ ಡಿ.ಎಂ.ಸಿ. ಕಂಪನಿಯದು. ಅವರಲ್ಲಿ ಪ್ರತಿ ಬಣ್ಣಕ್ಕೂ ಒಂದು ಅಂಕೆಯುಂಟು. ಕಪ್ಪು ಎಂದರೆ 310. ಅದೇ ಕಪ್ಪನ್ನು ನಮ್ಮ ಅಂಗಡಿಗಳಲ್ಲಿ ಸಿಗುವ ಆ್ಯಂಕರ್ ದಾರದಲ್ಲಿ 403 ಎಂದು ಕೇಳಬೇಕು. ಶಬ್ದಕ್ಕೆ ಪರ್ಯಾಯವಿರುವಂತೆ ಬಣ್ಣಕ್ಕೂ ಪರ್ಯಾಯಕೋಶವಿದೆಯೆಂದು ನನಗೆ ತಿಳಿದದ್ದು ಆಗಲೇ.

ಎರಡನೆಯದನ್ನು ತಂದವನು ನನ್ನ ಮಗ. ಅವನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾನೆ. ನಮ್ಮ ತಾಯಿಯದೊಂದೇ ಭಾವಚಿತ್ರ ಮನೆಯಲ್ಲಿದೆ, ಕಪ್ಪು ಬಿಳುಪಿನದು. ಅದನ್ನು ಗಣಕಯಂತ್ರಕ್ಕೆ ಉಣಿಸಿ ಕ್ರಾಸ್ ಸ್ಟಿಚ್ಚಿನ ನಕ್ಷೆಯಾಗಿ ಮಾರ್ಪಡಿಸಿಕೊಂಡು ಬಂದ. ಅಡ್ಡಕ್ಕೆ 200 ಮನೆ, ಉದ್ದಕ್ಕೆ 260. ಒಟ್ಟು 52,000 ಹೊಲಿಗೆ. ಬೂದು ಬಣ್ಣದಲ್ಲೇ 30 ಛಾಯೆ. “ಅತ್ತಿ, ಅಜ್ಜಿನ್ನ ಹೊಲದ್ರ ಮನ್ಯಾಗ ಎಲ್ಲಾರಿಗೂ ನೆನಪು ಉಳೀತದ” ಎಂದ. ಅವನ ಪ್ರೀತಿಯನ್ನು ಕಂಡು ನನಗೆ ಕಣ್ಣು ತುಂಬಿ ಬಂದದ್ದು ನಿಜ.

ಮೂರನೆಯದು ಮನೆಯ ಪೆಟ್ಟಿಗೆಯಲ್ಲಿಯೇ ಇತ್ತು. ಅದು ತಾಯಿಯ ಚಂದ್ರಕಾಳಿ ಸೀರೆ. ನಮ್ಮ ಕಡೆ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಸೀರೆ ಇರಲೇಬೇಕೆಂಬ ರೂಢಿಯಿದ್ದುದನ್ನು ಹಿರಿಯರು ಬಲ್ಲರು. ಸೆರಗಿನ ಬಳಿ ದೊಡ್ಡ ಚಿತ್ತಾರ, ಅಲ್ಲಿಂದ ದೂರವಾದಂತೆ ಚಿಕ್ಕವು. ಅವ್ವನ ಸೀರೆಯ ಸೆರಗಿನಲ್ಲಿ ಗೇಣಗಲದ ಒಂದು ತೇರಿದೆ. ಎರಡು ಚಕ್ರ, ಅಡಿಯಲ್ಲಿ ಪೀಠ, ಅಂತಸ್ತಿನ ಮೇಲೆ ಅಂತಸ್ತು, ತುದಿಯಲ್ಲಿ ಕಳಸ. ಸೀರೆಯ ಮಡಿಕೆ ಸವೆದು ಅಲ್ಲಲ್ಲಿ ಹರಿದಿದೆ. ತೇರು ಮಾತ್ರ ಹರಿದಿಲ್ಲ, ದಾರವೇ ಬಟ್ಟೆಯನ್ನು ಹಿಡಿದುಕೊಂಡಿದೆ.

ಇವು ಮೂರನ್ನೂ ಅಕ್ಕ ಪರೀಕ್ಷಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಕೆ ಮೊದಲು ಮಾಡಿದ್ದು ಲೆಕ್ಕ. ಪೆಟ್ಟಿಗೆಯ ಚಿತ್ರ ಅಡ್ಡಕ್ಕೆ 300, ಉದ್ದಕ್ಕೆ 400 ಮನೆ. ಎಂದರೆ 1,20,000 ಹೊಲಿಗೆ. ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ, ಕಣ್ಣಿಗೆ ಬಿಡುವು ಕೊಟ್ಟು ಮತ್ತೆ ಅರ್ಧ ಗಂಟೆ, ಇದು ದಿನದ ಮಿತಿ. ಬೇರೆ ಬಟ್ಟೆಯ ತುಂಡೊಂದರ ಮೇಲೆ ವಾರವೊಂದು ಹೊಲಿದು ನೋಡಿ, ದಿನಕ್ಕೆ ನೂರು ಎಂಬ ಅಳತೆಯನ್ನು ಕಂಡುಕೊಂಡಳು. ಹಬ್ಬ, ಮದುವೆ, ಮೋಡ ಕವಿದ ದಿನ, ಆಸ್ಪತ್ರೆಯ ದಿನ ಎಲ್ಲವನ್ನೂ ಕಳೆದರೆ ವರುಷಕ್ಕೆ 250 ದಿನ ಕೈಗೆ ಸಿಗುತ್ತವೆ. ಅಂದಮೇಲೆ ಐದು ವರುಷ. ಈ ಲೆಕ್ಕದಿಂದ ಆಕೆ ಎದೆಗುಂದಲಿಲ್ಲ. ಐದು ವರುಷದ ಕೆಲಸವೇ ಆಕೆಗೆ ಬೇಕಾಗಿತ್ತು.

ಆಮೇಲೆ ನಕ್ಷೆಯ ಹಾಳೆಗಳಲ್ಲಿ ನಡುವಿನದೊಂದನ್ನು ಎಳೆದುಕೊಂಡಳು. ಇಂಥ ನಕ್ಷೆಗಳಲ್ಲಿ ಹತ್ತು ಹತ್ತು ಮನೆಗೊಂದು ದಪ್ಪ ಗೆರೆ ಇರುತ್ತದೆ. ಗಿಡದ ಎಲೆಗಳ ಭಾಗದಲ್ಲಿ ಅಂಥ ಒಂದು ಚೌಕವನ್ನು ಬೆರಳಿನಿಂದ ಎಣಿಸಿದಾಗ ನೂರು ಮನೆಗಳಲ್ಲಿ 23 ಬಣ್ಣಗಳು ಕಂಡವು. ನಾಲ್ಕು ಹೊಲಿಗೆಗೊಮ್ಮೆ ದಾರ ಬದಲಿಸಬೇಕು. ಬದಲಿಸಿದ ಪ್ರತಿ ತುದಿಯನ್ನೂ ಹಿಂದೆ ಅಡಗಿಸಬೇಕು. ಹಾಗೆ ಒಂದು ದಿನವಿಡೀ ದುಡಿದು ಎದ್ದಾಗ ಬಟ್ಟೆಯ ಮೇಲೆ ಎಲೆಯೂ ಇರುವುದಿಲ್ಲ, ಕೊಂಬೆಯೂ ಇರುವುದಿಲ್ಲ. ಅರ್ಧ ಅಂಗುಲಕ್ಕಿಂತ ತುಸು ಹೆಚ್ಚಿನ ಒಂದು ಮಚ್ಚೆ ಇರುತ್ತದೆ. ಎರಡು ವರುಷ ಕಳೆದಮೇಲೆ ಮುಗಿಲು, ಮನೆಯ ಅರ್ಧ ಛಾವಣಿ. ಅಕ್ಕ ಮುಚ್ಚಳದ ಚಿತ್ರವನ್ನು ನನ್ನ ಕಡೆಗೆ ತಿರುಗಿಸಿ ಹೇಳಿದಳು: “ತಮ್ಮಾ, ಇದು ಮುಗಿದ ದಿನ ಭಾಳ ಛಲೋ ಕಾಣ್ತದ. ಮುಗಿಯೂ ಮಟಾ ಏನ್ ಕಾಣ್ತದ, ಅದನ್ನ ಹೇಳು.”

ಈ ಪ್ರಶ್ನೆ ನನಗೆ ಹೊಸದೆನಿಸಲಿಲ್ಲ. ವಿದ್ವತ್ತಿನಲ್ಲಿ ವಿಶೇಷ ಅಧ್ಯಯನಕ್ಕೆ ಒಂದು ಕಾವ್ಯವನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ನನ್ನ ಗುರುಗಳು ಇದೇ ಬಗೆಯ ಮಾತನ್ನು ಹೇಳಿದ್ದರು. ಕಾವ್ಯದ ಪೀಠಿಕೆ ಎಲ್ಲ ಕಡೆಯೂ ಸೊಗಸು, ಮಂಗಳವೂ ಸೊಗಸು. ನಡುವಿನ ಯಾವುದಾದರೂ ಒಂದು ಪುಟವನ್ನು ತೆರೆ, ಕಥೆ ಎಲ್ಲಿಗೆ ಬಂದಿತೆಂದು ತಿಳಿಯದಿದ್ದರೂ ಆ ಪುಟ ನಿನ್ನನ್ನು ಕೂಡಿಸಿಕೊಂಡರೆ ಆ ಕಾವ್ಯವನ್ನು ಹಿಡಿ ಎಂದು. ಕವಿಗಳು ಛಂದಸ್ಸನ್ನು ಆರಿಸಿಕೊಂಡದ್ದಾದರೂ ಹೀಗೆಯೇ ಇದ್ದೀತು. ಕುಮಾರವ್ಯಾಸನು ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯೊಂದರಲ್ಲಿಯೇ ನಡೆಸಿದನು. ಮೂರು ನಾಲ್ಕು, ಮೂರು ನಾಲ್ಕು ಎಂದು ಹೆಜ್ಜೆಯಿಡುವ 14 ಮಾತ್ರೆಯ ಸಾಲು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ 23. ಪದ್ಯವೊಂದಕ್ಕೆ 102 ಮಾತ್ರೆ. ಸಾವಿರಾರು ಪದ್ಯಗಳುದ್ದಕ್ಕೂ ಅದೇ ಎಣಿಕೆ. ಆದರೆ ಪ್ರತಿ ಪದ್ಯವೂ ತನ್ನ ಆರನೆಯ ಸಾಲಿನಲ್ಲಿ ಒಂದು ನೆಲೆಯನ್ನು ಮುಟ್ಟಿ ನಿಲ್ಲುತ್ತದೆ. ಕವಿ ಆ ರಾತ್ರಿ ಲೆಕ್ಕಣಿಕೆಯನ್ನು ಕೆಳಗಿಟ್ಟರೂ ಪದ್ಯ ಅರ್ಧವಾಗಿ ಉಳಿಯುವುದಿಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಕ್ರಾಸ್ ಸ್ಟಿಚ್ಚಿನ ಬಟ್ಟೆಗೂ ಅಂಗುಲಕ್ಕೆ 14 ಮನೆಯಂತೆ. ಇದು ಕಾಕತಾಳೀಯವೆಂದು ಬಲ್ಲೆನಾದರೂ, ಕೇಳಿದ ದಿನ ನನಗಾದ ಹಿಗ್ಗು ಇಷ್ಟೆಂದು ಹೇಳಲಾರೆ.

ಭಾವಚಿತ್ರದ ವಿಚಾರದಲ್ಲಿ ಅಕ್ಕ ಹೆಚ್ಚು ಹೊತ್ತು ತೆಗೆದುಕೊಂಡಳು. ಮಗನಿಗೆ ನೋವಾಗಬಾರದೆಂಬುದು ಒಂದು. ಅವ್ವನ ಮುಖವೆಂಬುದು ಇನ್ನೊಂದು. ಮೂರು ದಿನ ಆ ನಕ್ಷೆಯನ್ನು ಗೋಡೆಗೆ ಆನಿಸಿಟ್ಟು ನೋಡಿದಳು. ನಾಲ್ಕನೆಯ ದಿನ ಅವನಿಗೆ ಹೇಳಿದ ಮಾತು ಇದು: “ಮಾರಿಯೊಳಗ ಒಂದು ಮನಿ ತಪ್ಪಿದ್ರ ಮನಶ್ಯಾನ ಬ್ಯಾರೆ ಆಗ್ತಾನಪಾ. ಕಣ್ಣಿನ ಮೂಲ್ಯಾಗ ಒಂದು ಮೆಂತಿ ಆಚೆ ಈಚೆ ಆದ್ರ ಅವ್ವ ಹೋಗಿ ಬ್ಯಾರೆ ಯಾರೋ ಕುಂತಿರ್ತಾರ. ತೇರಿನ್ಯಾಗ ಹಂಗಲ್ಲ, ಒಂದು ಮನಿ ತಪ್ಪಿದ್ರ ಮುಂದಿನ ಸಾಲಿನ್ಯಾಗ ಹೊಂದಿಸಿಕೋಬಹುದು.” ಇದಲ್ಲದೆ, ಈ ಬೇನೆಯಲ್ಲಿ ಹತ್ತಿರ ಹತ್ತಿರದ ಛಾಯೆಗಳ ಭೇದವನ್ನು ಗುರುತಿಸುವ ಶಕ್ತಿಯೂ ಕುಗ್ಗುತ್ತದೆ. ಮೂವತ್ತು ಬೂದುಗಳಲ್ಲಿ ಹನ್ನೊಂದನೆಯದಕ್ಕೂ ಹನ್ನೆರಡನೆಯದಕ್ಕೂ ಇರುವ ಅಂತರ ನನ್ನ ಕಣ್ಣಿಗೇ ಕಾಣಲಿಲ್ಲ. ಮಗ ಒಳ್ಳೆಯ ಹುಡುಗ. ನಕ್ಷೆಯನ್ನು ಸುರುಳಿ ಸುತ್ತಿ, ತೇರಿನ ನಕ್ಷೆ ತೆಗೆಯುವುದಾದರೆ ಸಹಾಯ ಮಾಡುವೆನೆಂದ. “ಅದನ್ನ ನಾನ ಎಣಸ್ತೀನಿ” ಎಂದಳು ಅಕ್ಕ.

ಎಣಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಸೆರಗನ್ನು ಮೇಜಿನ ಮೇಲೆ ಹರಡಿ, ಚಾಳೀಸಿನ ಮೇಲೆ ಭೂತಗನ್ನಡಿ ಹಿಡಿದು, ಸೂಜಿಯ ಮೊನೆಯಿಂದ ಒಂದೊಂದು ಹೆಜ್ಜೆಯನ್ನು ಮುಟ್ಟಿ ಎಣಿಸುವುದು ಆಕೆಯ ಕೆಲಸ. ಹೇಳಿದ ಅಂಕೆಯನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸುವುದು ನನ್ನ ಕೆಲಸ. ಲಘು ಗುರು ಹಾಕಿ ಪಳಗಿದ ಕೈಗೆ ಇದು ಕಷ್ಟವೆನಿಸಲಿಲ್ಲ. ಅಡ್ಡಕ್ಕೆ 110 ಹೆಜ್ಜೆ, ಉದ್ದಕ್ಕೆ 154. ಮೇಲಿನಿಂದ ಎರಡನೆಯ ಅಂತಸ್ತಿನ ಎಡಗಡೆ ಗಿಳಿಗೆ ಕೊಕ್ಕು ಬಲಕ್ಕಿದೆ, ಬಲಗಡೆ ಗಿಳಿಗೂ ಬಲಕ್ಕೇ ಇದೆ. ಉಳಿದೆಲ್ಲ ಜೋಡಿಗಳೂ ಎದುರುಬದುರು. ಅವ್ವ ಇದನ್ನು ಬೇಕೆಂದು ಮಾಡಿದಳೋ, ಹೊಲಿಯುವ ಹೊತ್ತಿಗೆ ತೊಟ್ಟಿಲ ಕೂಸು ಎದ್ದಿತೋ ಎಂದು ನಾನು ಕೇಳಿದೆ. ಆ ಕೂಸು ನಾನೇ ಇರಬಹುದೆಂದು ಅಕ್ಕ ನಕ್ಕಳು. ಗಿಳಿಯನ್ನು ತಿರುಗಿಸದೆ ಇದ್ದಂತೆಯೇ ಬರೆದುಕೊಂಡೆವು.

ಗೇಣಗಲದ ತೇರಿಗೆ ಐದು ವರುಷ ಬೇಡ. ಅದನ್ನು ಮೂರು ಪಟ್ಟು ಹಿಗ್ಗಿಸುವುದೆಂದು ಆಯಿತು. 330 ಮನೆ ಅಡ್ಡ, 462 ಉದ್ದ. ಬಟ್ಟೆ ಯಾವುದೆಂಬುದು ಮುಂದಿನ ಪ್ರಶ್ನೆ. ಇಳಕಲ್ಲಿನ ಸೀರೆಯ ನೇಯ್ಗೆಯಲ್ಲಿ ಎಳೆ ಎಣಿಸುವ ಕಣ್ಣು ಈಗ ಇಲ್ಲ. ಎಳೆ ಎಣಿಸಲಾಗದ ಬಟ್ಟೆಯ ಮೇಲೆ ಜಾಳಿಯೊಂದನ್ನು ಹಚ್ಚಿ ಹೊಲಿದು, ಆಮೇಲೆ ಜಾಳಿಯ ಎಳೆಗಳನ್ನು ಎಳೆದು ತೆಗೆಯುವ ಉಪಾಯ ಈಗ ಬಳಕೆಯಲ್ಲಿದೆ. ಅದು ಅಕ್ಕನಿಗೆ ಹಿಡಿಸಲಿಲ್ಲ. ಅಂಗುಲಕ್ಕೆ 11 ಮನೆಗಳ ದಪ್ಪ ಬಟ್ಟೆಯನ್ನು ಆರಿಸಿದಳು. ತೇರು 30 ಅಂಗುಲ ಅಗಲ, 42 ಅಂಗುಲ ಎತ್ತರವಾಗುತ್ತದೆ. ಬಾಗಿಲ ಪರದೆಯ ಬಹುಭಾಗ ಎನ್ನಿ.

ಆದರೆ ಬಣ್ಣದ ಮಾತು ಬಂದಾಗ ಆಕೆ ಅಂಗಡಿಯಲ್ಲಿಯೇ ಸ್ವಲ್ಪ ಹೊತ್ತು ಕುಳಿತುಬಿಟ್ಟಳು. ಚಂದ್ರಕಾಳಿಯೆಂದರೆ ಕಪ್ಪು. ಕಪ್ಪಿನ ಮೇಲೆ ಕೆಂಪು, ಹಸುರು, ಕಿತ್ತಳೆ, ನೇರಿಳೆ ಎದ್ದು ಕಾಣುವುದೇ ಅದರ ವೈಭವ. ಆದರೆ ಕಪ್ಪು ಬಟ್ಟೆಯ ರಂಧ್ರಗಳು ಒಳ್ಳೆಯ ಕಣ್ಣಿಗೂ ದಕ್ಕುವುದು ಕಷ್ಟ. ಮಡಿಲಲ್ಲಿ ಬಿಳಿಯ ಬಟ್ಟೆ ಹಾಸಿಕೊಂಡರೆ ರಂಧ್ರಗಳು ಬೆಳ್ಳಗೆ ತೋರುತ್ತವೆಂದು ಹುಡುಗಿಯರಿಗೆ ಹೇಳಿಕೊಟ್ಟವಳೇ ಆಕೆ. ತನಗೆ ಆ ಉಪಾಯವೂ ಸಾಲದೆಂದು ತಿಳಿದುಕೊಂಡಳು. ಕಪ್ಪು ಬಟ್ಟೆಯನ್ನು ಮಡಿಸಿ ಅಂಗಡಿಯವನ ಕಡೆ ಸರಿಸಿ, ಕೋರಾ ಬಣ್ಣದ ಬಟ್ಟೆಯನ್ನು ಅಳೆಯಲು ಹೇಳಿದಳು. ಕೆಂಪಿನ ಜೊತೆಗೆ 403ರ ಕಪ್ಪು ದಾರ ಬೇಕೆಂದಳು. ನೆಲದಲ್ಲಿದ್ದ ಕಪ್ಪು ಹೀಗೆ ಗೆರೆಗೆ ಬಂದಿತು. ಕಪ್ಪು, ಕೆಂಪು ಲಡಿಗಳನ್ನು ಲೆಕ್ಕ ಹಾಕಿ ಒಮ್ಮೆಲೇ ಕೊಂಡಳು. ಅಂಕೆ ಒಂದೇ ಆದರೂ ಬೇರೆ ಬೇರೆ ಸಲ ಅದ್ದಿದ ಬಣ್ಣದಲ್ಲಿ ತುಸು ಭೇದವಿರುತ್ತದೆ. ಮೂರು ವರುಷದ ಬಳಿಕ ತಂದ ಕೆಂಪು, ತೇರಿನ ನಡುವೆ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ. ಆ್ಯಂಕರಿನ ಒಂದು ಲಡಿ 8 ಮೀಟರು, ಅದರಲ್ಲಿ ಆರು ಎಳೆ. ಈ ಬಟ್ಟೆಗೆ ಮೂರು ಎಳೆ ಹಿಡಿದರೆ ಲಡಿಯೊಂದಕ್ಕೆ ಸಾವಿರದ ಆಸುಪಾಸು ಮೆಂತಿಯಾಗುತ್ತದೆ.

ಪೆಟ್ಟಿಗೆಯ ಉಡುಗೊರೆ ಏನಾಯಿತೆಂದು ಕೊಟ್ಟವಳು ಈ ಲೇಖನವನ್ನು ಓದುತ್ತಿದ್ದರೆ ಅವಳಿಗೆ ಗೊತ್ತೇ ಇದೆ. ಅಕ್ಕ ಅವಳಿಗೆ ಪತ್ರ ಬರೆದು ಅನುಮತಿ ಪಡೆದೇ ಅದನ್ನು ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಗೆ ಕೊಟ್ಟಳು. ಆ ಹುಡುಗಿಗೆ 22 ವರುಷ, ಕಣ್ಣು ಚುರುಕು, ಕೈ ಸಮ. ಶಾಲೆಯ ವರ್ಗಕ್ಕೇ ಕೊಟ್ಟರೆ ಹತ್ತು ಹುಡುಗಿಯರು ಸೇರಿ ಬೇಗ ಮುಗಿಸಬಹುದಲ್ಲವೆ ಎಂದು ನಾನು ಕೇಳಿದ್ದೆ. ಹತ್ತು ಕೈಯ ಬಿಗಿ ಹತ್ತು ಬಗೆ. ಮೆಂತಿಯ ಮೇಲಿನ ಎಳೆ ಬಟ್ಟೆಯುದ್ದಕ್ಕೂ ಒಂದೇ ಕಡೆಗೆ ವಾಲಬೇಕು, ಒಬ್ಬಳು ಮರೆತು ಅಡ್ಡ ಹಾಕಿದರೂ ಬೆಳಕಿಗೆ ಹಿಡಿದಾಗ ಅದು ಹುಳು ತಿಂದಂತೆ ಕಾಣುತ್ತದೆ ಎಂದಳು.

ಇನ್ನು ಕೆಲಸದ ಅನುಕ್ರಮ. ನನ್ನ ಮಟ್ಟಿಗೆ ಆಕೆಯ ಆಯ್ಕೆಯ ಸಾರ ಇರುವುದು ಇಲ್ಲಿಯೇ. ಸಾಮಾನ್ಯರಾದರೆ ಒಂದು ಮೂಲೆಯಿಂದ ಹಿಡಿದು ಗೆರೆ, ತುಂಬು ಎರಡನ್ನೂ ಜೊತೆಗೇ ಮುಗಿಸುತ್ತ ಬರುವರು. ಅಕ್ಕ ಮೊದಲು ಇಡೀ ತೇರನ್ನು ಕಪ್ಪು ಗವಂತಿಯಲ್ಲಿಯೇ ಎತ್ತಿದಳು. ಒಳಗೆ ಒಂದು ಮೆಂತಿಯನ್ನೂ ಹಾಕಲಿಲ್ಲ. ಗವಂತಿಯಲ್ಲಿ ಹಾದಿಯನ್ನು ಮೊದಲೇ ಯೋಚಿಸಿಕೊಂಡಿರಬೇಕಾಗುತ್ತದೆ. ದಾರ ಹೊರಟಲ್ಲಿಗೇ ಮರಳಬೇಕಾದುದರಿಂದ, ನಡುವೆ ಕವಲೊಡೆದ ಕಡೆಯಲ್ಲೆಲ್ಲ ಕವಲಿನ ತುದಿಯವರೆಗೆ ಹೋಗಿ ಬಂದು ಮುಂದುವರಿಯಬೇಕು. ಕಳಸದ ತುದಿಯನ್ನು ಮುಟ್ಟಿದಾಗ ಹೋಗುವ ಅರ್ಧ ಮುಗಿದಿರುತ್ತದೆ. ಆಗ ಕಾಣುವುದು ಬಿಟ್ಟು ಬಿಟ್ಟು ಬಿದ್ದ ಹೆಜ್ಜೆಗಳು ಮಾತ್ರ. ಮರಳಿ ಇಳಿಯುವಾಗ ಗೆರೆ ಕೂಡಿಕೊಳ್ಳುತ್ತದೆ. ದಾರ ಒಂದು ಮೊಳಕ್ಕಿಂತ ಉದ್ದ ಹಿಡಿಯುವಂತಿಲ್ಲವಾದ್ದರಿಂದ ಇಡೀ ತೇರು ಹೀಗೆ ನೂರಾರು ಚಿಕ್ಕ ಹೋಗಿಬರುವಿಕೆಗಳಾಗಿ ಒಡೆಯುತ್ತದೆ. ಒಂದು ಮುಂಜಾನೆಗೆ ಒಂದು ಹೋಗಿಬರುವಿಕೆ ಎಂದು ಆಕೆ ಗೊತ್ತುಮಾಡಿಕೊಂಡಿದ್ದಳು. ಎದ್ದಾಗ ಸೂಜಿ ಹೊರಟ ಮನೆಗೇ ಬಂದು ಸೇರಿರುತ್ತಿತ್ತು.

ಗವಂತಿಗೆ 14 ತಿಂಗಳು ಹಿಡಿಯಿತು. ಅದು ಮುಗಿದ ದಿನ ಬಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ತಾನೇ ಅದನ್ನು ಹಿಂದುಮುಂದು ಮಾಡಿ ನನಗೆ ತೋರಿಸಿದಳು. ಯಾವುದು ಮುಂದಿನದು, ಯಾವುದು ಹಿಂದಿನದು ನಾನು ಹೇಳಲಾರದೆ ಹೋದೆ. ಬರಿಯ ಕಪ್ಪು ಗೆರೆಯಲ್ಲಿ ತೇರು ಸಂಪೂರ್ಣವಾಗಿ ನಿಂತಿತ್ತು. “ಈಗ ಕಣ್ಣು ನಿಂತ್ರೂ ತೇರು ನಿಂತದ” ಎಂದಳು. ಆ ಮಾತನ್ನು ಆಕೆ ದುಃಖದಿಂದ ಹೇಳಲಿಲ್ಲ, ಅಳತೆ ಸರಿಬಂದ ದರ್ಜಿಯಂತೆ ಹೇಳಿದಳು. ನನ್ನ ಮಡದಿ ಮಾತ್ರ ಒಳಗೆ ಹೋದಳು.

ಅಲ್ಲಿಂದಾಚೆ ಮೆಂತಿ. ತುಂಬಬೇಕಾದ ಮನೆಗಳು ಸುಮಾರು 60,000. ಇವನ್ನೂ ಬೇಕಾದ ಕಡೆಯಲ್ಲೆಲ್ಲ ತುಂಬುತ್ತಿಲ್ಲ. ಕೆಳಗಿನಿಂದ ಒಂದೊಂದು ಅಂಗವನ್ನೇ ಮುಗಿಸಿ ಮೇಲಕ್ಕೆ ಹೋಗುತ್ತಿದ್ದಾಳೆ. ಎಲ್ಲಿ ನಿಂತರೂ ಅಲ್ಲಿಗೆ ತುಂಬಿದ ತೇರು, ಅದರ ಮೇಲೆ ಗೆರೆಯ ತೇರು. ತೇರಿನ ಸುತ್ತ ಅಂಬಾರಿಯ ಆನೆ, ನವಿಲು, ತುಳಸಿಕಟ್ಟೆ ಮೊದಲಾದ ಚಿಕ್ಕ ಚಿತ್ತಾರಗಳನ್ನು ಕೊನೆಗೆ ಇರಿಸಿಕೊಂಡಿದ್ದಾಳೆ. ಒಂದೊಂದು ನಾಲ್ಕೈದು ದಿನದ ಕೆಲಸ, ಕಾಲ ಕೊಟ್ಟಷ್ಟು. ಹೋದ ತಿಂಗಳು ಕಣ್ಣಿನ ತಪಾಸಣೆಗೆ ಹೋಗಿದ್ದೆವು. ಎಡಗಣ್ಣಿನ ಅಂಚು ಸ್ವಲ್ಪ ಕುಗ್ಗಿದೆ, ಬಲಗಣ್ಣು ಇದ್ದಂತೆಯೇ ಇದೆ ಎಂದರು. ದಿನಕ್ಕೆ ನೂರು ಎಂಬುದು ಈಗ ಎಂಬತ್ತಕ್ಕೆ ಇಳಿದಿದೆ. ಆಕೆ ಚೌಕುಳಿ ಹಾಳೆಯ ಅಂಚಿನಲ್ಲಿ ಹಳೆಯ ಲೆಕ್ಕವನ್ನು ಹೊಡೆದುಹಾಕಿ ಹೊಸದನ್ನು ಬರೆದಳು.

ಎರಡು ಚಕ್ರಗಳೂ ಪೀಠವೂ ಕೆಂಪಿನಲ್ಲಿ ತುಂಬಿವೆ. ಮೊದಲ ಅಂತಸ್ತಿಗೆ ಈಗ ಕೈ ಹಚ್ಚಿದ್ದಾಳೆ. ಅಲ್ಲಿ ಎರಡು ಗಿಳಿಗಳಿವೆ, ಅವುಗಳ ಹಸುರು ಇನ್ನೂ ನಿಶ್ಚಯವಾಗಿಲ್ಲ. ಅವ್ವನ ಸೀರೆಯ ಹಸುರು ಮಾಸಿ, ಅದು ಮೊದಲು ಯಾವ ಹಸುರಾಗಿತ್ತೆಂದು ತಿಳಿಯದಂತಾಗಿದೆ. ಅಂಗಡಿಯಿಂದ ಮೂರು ಬಗೆಯ ಹಸುರು ಲಡಿಗಳನ್ನು ತಂದುಕೊಟ್ಟಿದ್ದೇನೆ. ಅವನ್ನು ಕಿಟಕಿಯ ಸರಳಿಗೆ ಕಟ್ಟಿದ್ದಾಳೆ. ನಾಳೆ ಬೆಳಗಿನ ಬೆಳಕಿನಲ್ಲಿ ನೋಡಿ ಹೇಳುತ್ತೇನೆಂದಿದ್ದಾಳೆ.